ಮೇಲ್ ಸರ್ವರ್‌ಗೆ ಡಿಎನ್‌ಎಸ್ ಬ್ಲಾಕ್‌ಲಿಸ್ಟ್ ಹಾಕೋ ಮುಂಚೆ ರಿಸಾಲ್ವರ್ ನೋಡ್ಕೊಳಿ

ಸ್ಪ್ಯಾಮ್ ತಡೆಯೋಕೆ ಡಿಎನ್‌ಎಸ್ ಬ್ಲಾಕ್‌ಲಿಸ್ಟ್ (ಮೇಲ್ ತಗೋಬಾರ್ದು ಅಂತ ಗುರುತಿಸಿರೋ ಐಪಿಗಳ ಪಟ್ಟಿ, ಡಿಎನ್‌ಎಸ್ ಮೂಲಕ ಕೇಳೋದು) ಹಾಕೋದು ಅಂದ್ರೆ ಕಾನ್ಫಿಗ್ ಫೈಲಲ್ಲಿ ಒಂದು ಸಾಲು ಸೇರ್ಸಿ ರೀಲೋಡ್ ಹೊಡೆದ್ರೆ ಮುಗೀತು ಅಂತ ನಾನೂ ಅನ್ಕೊಂಡಿದ್ದೆ. ಒಂದೇ ಸಾಲು ಅನ್ನೋದೇನೋ ಸುಳ್ಳಲ್ಲ. ಆದ್ರೆ ಅದೇ ಒಂದು ಸಾಲು ಒಂದ್ಸಲ ಶನಿವಾರ ರಾತ್ರಿಯಿಂದ ಸೋಮವಾರ ಬೆಳಗ್ಗೆ ತನಕ ನಮ್ಮ ಸರ್ವರಿಗೆ ಹೊರಗಿಂದ ಬಂದ ಮೇಲನ್ನೆಲ್ಲ ಒಂದೂ ಬಿಡದೆ ವಾಪಸ್ ಕಳಿಸಿತ್ತು. ಸೋಮವಾರ ಬಂದು ಇನ್‌ಬಾಕ್ಸ್ ನೋಡಿದ್ರೆ ಖಾಲಿ, ವಾಹ್ ಸ್ಪ್ಯಾಮೇ ಇಲ್ವಲ್ಲ ಅಂತ ಎರಡು ನಿಮಿಷ ಖುಷಿನೂ ಪಟ್ಟಿದ್ದೆ. ಆಮೇಲೆ ಒಬ್ರು ಫೋನ್ ಮಾಡಿ "ಏನ್ರೀ ನಿಮಗೆ ಕಳ್ಸಿದ ಮೇಲೆಲ್ಲ ಬೌನ್ಸ್ ಆಗ್ತಿದೆ, ನಾವು ಸ್ಪ್ಯಾಮರ್ ಅಂತೆ" ಅಂದ್ರು. ತಪ್ಪು ಪೂರ್ತಿ ನಂದೇ. ಪಟ್ಟಿ ಮಾಡೋರು ಎಲ್ಲಾನೂ ಅವರ ಸೈಟಲ್ಲಿ ಬರ್ದಿಟ್ಟಿದ್ರು, ನಾನು ಓದಿರ್ಲಿಲ್ಲ. ಅವತ್ತು ಏನಾಗಿತ್ತು ಅಂತ ಮುಂದೆ ಹೇಳ್ತೀನಿ, ಅದು ಅರ್ಥ ಆಗೋಕೆ ಮೊದ್ಲು ಈ ಪಟ್ಟಿ ಹೇಗೆ ಕೆಲ್ಸ ಮಾಡತ್ತೆ ಅನ್ನೋದು ಗೊತ್ತಿರ್ಬೇಕು.

ಇನ್ನೊಂದು ವಿಷ್ಯ, ಇಲ್ಲಿ ಸೆಟ್ಟಿಂಗ್ ಹೆಸರು, ಕಮಾಂಡು ಎಲ್ಲ ಕನ್ನಡ ಅಕ್ಷರದಲ್ಲೇ ಬರ್ದಿದೀನಿ, ಫೈಲಲ್ಲಿ ಹಾಕೋವಾಗ ಇಂಗ್ಲಿಷಿನ ಸಣ್ಣಕ್ಷರದಲ್ಲಿ ಟೈಪ್ ಮಾಡ್ಕೊಳಿ. ಉದಾಹರಣೆಯೆಲ್ಲ ಪೋಸ್ಟ್‌ಫಿಕ್ಸ್ ಅನ್ನೋ ಮೇಲ್ ಸರ್ವರ್ ಸಾಫ್ಟ್‌ವೇರ್‌ದು. ಎಕ್ಸಿಮ್ ಇಟ್ಕೊಂಡಿರೋರಿಗೆ ಇದೇ ಕೆಲ್ಸಕ್ಕೆ ಎಸಿಎಲ್ ಒಳಗೆ ಡಿಎನ್‌ಎಸ್‌ಲಿಸ್ಟ್ಸ್ ಅಂತ ಇದೆ, ಲೆಕ್ಕಾಚಾರ ಒಂದೇ.

ಕೆಲ್ಸ ಮಾಡೋ ರೀತಿ ಸುಲಭ. ನಿಮ್ಮ ಸರ್ವರಿನ 25ನೇ ಪೋರ್ಟಿಗೆ 192.0.2.99 ಅನ್ನೋ ಐಪಿಯಿಂದ ಯಾರೋ ಬಂದ್ರು ಅನ್ಕೊಳಿ. ಪೋಸ್ಟ್‌ಫಿಕ್ಸ್ ಆ ಐಪಿಯನ್ನ ತಿರುಗಿಸಿ ಬರೆದು ಹಿಂದೆ ಪಟ್ಟಿಯ ಹೆಸರು ಅಂಟಿಸತ್ತೆ, 99.2.0.192.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್ ಅಂತ (ಝೆನ್ ಅನ್ನೋದು ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಟ್ಟಿ), ಆಮೇಲೆ ಆ ಹೆಸರಿಗೆ ಎ ರೆಕಾರ್ಡ್, ಅಂದ್ರೆ ಒಂದು ಐಪಿ ಉತ್ತರ, ಇದ್ಯಾ ಅಂತ ಮಾಮೂಲಿ ಡಿಎನ್‌ಎಸ್‌ನಲ್ಲೇ ಕೇಳತ್ತೆ. "ಅಂಥ ಹೆಸರೇ ಇಲ್ಲ" ಅಂತ ಬಂದ್ರೆ ಆ ಐಪಿ ಪಟ್ಟೀಲಿಲ್ಲ. 127.0.0.2 ಥರ ಏನಾದ್ರೂ ಬಂದ್ರೆ ಇದೆ ಅಂತ ಅರ್ಥ, ಕೊನೇ ನಂಬರು ಯಾಕೆ ಇದೆ ಅನ್ನೋದನ್ನ ಹೇಳತ್ತೆ. ಐಪಿವಿ6 ಆದ್ರೆ 32 ಹೆಕ್ಸ್ ಅಂಕೆಗಳನ್ನೂ ಒಂದೊಂದಾಗಿ ತಿರುಗಿಸಿ ನಡುವೆ ಚುಕ್ಕಿ ಹಾಕತ್ತೆ. 1997ರಲ್ಲಿ ಪಾಲ್ ವಿಕ್ಸಿ ಶುರು ಮಾಡಿದ ಆರ್‌ಬಿಎಲ್‌ನಿಂದ ಬಂದ ಐಡಿಯಾ ಇದು, ಅದಕ್ಕೇ ಇವತ್ತಿಗೂ ಸೆಟ್ಟಿಂಗ್‌ಗಳಲ್ಲಿ ಆರ್‌ಬಿಎಲ್ ಅನ್ನೋ ಹೆಸರು ಉಳ್ಕೊಂಡಿದೆ.

ಅವತ್ತಿನ ಕತೆ ಈಗ ಕೇಳಿ. ರಿಸಾಲ್ವರ್ ಅಂದ್ರೆ ನಮ್ಮ ಪರವಾಗಿ ಡಿಎನ್‌ಎಸ್ ಪ್ರಶ್ನೆ ಕೇಳಿ ಉತ್ತರ ತರೋ ಸರ್ವರ್. ಝೆನ್ ಥರದ ಫ್ರೀ ಪಟ್ಟಿಗಳು ಪಬ್ಲಿಕ್ ರಿಸಾಲ್ವರ್ ಕಡೆಯಿಂದ ಬರೋ ಪ್ರಶ್ನೆಗೆ ಉತ್ತರ ಕೊಡಲ್ಲ, ಯಾಕಂದ್ರೆ 8.8.8.8 ಅಥವಾ 1.1.1.1 ಮೂಲಕ ಕೇಳಿದ್ರೆ ಕೇಳ್ತಿರೋದು ಯಾರು, ದಿನಕ್ಕೆ ಎಷ್ಟು ಕೇಳ್ತಿದಾರೆ ಅಂತ ಅವರಿಗೆ ಲೆಕ್ಕ ಸಿಗಲ್ಲ. ಉತ್ತರ ಕೊಡಲ್ಲ ಅಂದ್ರೆ ಸುಮ್ನೆ ಇರ್ತಾರೆ ಅಂತಲ್ಲ, ಎರರ್ ಕೋಡ್ ಕಳಿಸ್ತಾರೆ. ಸ್ಪ್ಯಾಮ್‌ಹೌಸ್‌ದಲ್ಲಿ 127.255.255.254 ಬಂದ್ರೆ ಪಬ್ಲಿಕ್ ರಿಸಾಲ್ವರಿಂದ ಕೇಳ್ತಿದೀರ ಅಂತ, 127.255.255.255 ಬಂದ್ರೆ ಮಿತಿ ಮೀರಿ ಕೇಳ್ತಿದೀರ ಅಂತ, 127.255.255.252 ಬಂದ್ರೆ ಪಟ್ಟಿ ಹೆಸರೇ ತಪ್ಪು ಟೈಪ್ ಮಾಡಿದೀರ ಅಂತ. ಇದೂ ಎ ರೆಕಾರ್ಡೇ ಅಲ್ವಾ, ಪೋಸ್ಟ್‌ಫಿಕ್ಸಿಗೆ ಯಾವ ಉತ್ತರ ಲೆಕ್ಕಕ್ಕೆ ತಗೋಬೇಕು ಅಂತ ನಾವು ಹೇಳ್ದೆ ಇದ್ರೆ ಅದು ಬಂದ ಯಾವ ಎ ರೆಕಾರ್ಡನ್ನೂ "ಪಟ್ಟೀಲಿದೆ" ಅಂತ್ಲೇ ತಗೊಳತ್ತೆ. ನಾನು ಹೇಳಿರ್ಲಿಲ್ಲ. ಸರ್ವರ್ ಕೊಟ್ಟೋರು ಹಾಕಿದ್ದ ಡಿಎನ್‌ಎಸ್‌ನ ಮುಟ್ಟಿರ್ಲೂ ಇಲ್ಲ. ಹಂಗಾಗಿ ಲೋಕದ ಎಲ್ಲಾ ಐಪಿಗೂ 254 ಬಂತು, ಎಲ್ರಿಗೂ ಬಾಗಿಲು ಬಂದ್.

ಅದಕ್ಕೇ ಶುರು ಮಾಡೋದು ಪೋಸ್ಟ್‌ಫಿಕ್ಸಿಂದ ಅಲ್ಲ, ರಿಸಾಲ್ವರಿಂದ. ಮೇಲ್ ಸರ್ವರಲ್ಲೇ ಅನ್‌ಬೌಂಡ್ ಅನ್ನೋ ರಿಸಾಲ್ವರ್ ಇನ್‌ಸ್ಟಾಲ್ ಮಾಡಿ. ಡೆಬಿಯನ್, ಉಬುಂಟು ಎಲ್ಲದ್ರಲ್ಲೂ ಪ್ಯಾಕೇಜ್ ಸಿಗತ್ತೆ, ಹೆಚ್ಚಿಗೆ ಏನೂ ಬದಲಾಯಿಸ್ದೆ 127.0.0.1ರಲ್ಲಿ ಕೂತ್ಕೊಳತ್ತೆ. ನೋಡ್ಬೇಕಾದ್ದು ಒಂದೇ, ಅದರ ಕಾನ್ಫಿಗ್‌ನಲ್ಲಿ ಫಾರ್ವರ್ಡ್-ಝೋನ್ ಅಂತ ಹಾಕಿ 8.8.8.8ಗೋ ಇನ್ನೊಂದಕ್ಕೋ ದಾಟಿಸೋ ಸಾಲು ಇರಬಾರ್ದು, ಇದ್ರೆ ಅನ್‌ಬೌಂಡ್ ಹಾಕಿನೂ ಹಾಕ್ದಂಗೆ. ಅದು ರೂಟ್ ಸರ್ವರಿಂದ ಹಿಡ್ದು ತಾನೇ ಹುಡುಕ್ಕೊಂಡು ಹೋಗ್ಬೇಕು. ಉಬುಂಟುನಲ್ಲಿ 127.0.0.53 ಅಂತ ಒಂದಿರತ್ತೆ, ಲೋಕಲ್ ಐಪಿ ಕಂಡು ಮೋಸ ಹೋಗ್ಬೇಡಿ, ಅದು ಸಿಸ್ಟಮ್‌ಡಿ-ರಿಸಾಲ್ವ್ಡ್, ತಾನು ಹುಡುಕಲ್ಲ, ಮೇಲಿನೋರಿಗೆ ದಾಟಿಸತ್ತೆ ಅಷ್ಟೇ.

ರಿಸಾಲ್ವ್.ಕಾನ್ಫ್‌ನಲ್ಲಿ ನೇಮ್‌ಸರ್ವರ್ 127.0.0.1 ಅಂತ ಹಾಕಿ, ಡಿಎಚ್‌ಸಿಪಿ ಬಂದು ಅದರ ಮೇಲೆ ಮತ್ತೆ ಬರಿಯದ ಹಾಗೆ ನೋಡ್ಕೊಳಿ. ಇಲ್ಲೊಂದು ಕಡೆ ನಾನು ಒಂದಿಡೀ ಸಂಜೆ ಕಳ್ದಿದೀನಿ. ಡಿಗ್ (ಡಿಎನ್‌ಎಸ್ ಕೇಳಿ ನೋಡೋ ಕಮಾಂಡು) ಹೊಡೆದ್ರೆ ಸರಿಯಾದ ಉತ್ತರ, ಪೋಸ್ಟ್‌ಫಿಕ್ಸ್ ಲಾಗ್ ನೋಡಿದ್ರೆ ಮತ್ತದೇ 254. ಯಾಕೆ ಅಂದ್ರೆ ಡೆಬಿಯನ್‌ನ ಎಷ್ಟೋ ಸೆಟಪ್‌ಗಳಲ್ಲಿ ಪೋಸ್ಟ್‌ಫಿಕ್ಸಿನ ಹಲವು ಪ್ರೋಸೆಸ್ಸು ಕ್ರೂಟ್ ಒಳಗೆ (ಒಂದೇ ಡೈರೆಕ್ಟರಿಗೆ ಕಟ್ಟಿಹಾಕಿದ ಹಾಗೆ) ಓಡ್ತಾವೆ, ಅವು ನೋಡೋದು ಸ್ಪೂಲ್ ಡೈರೆಕ್ಟರಿ ಒಳಗಿರೋ ಇನ್ನೊಂದು ರಿಸಾಲ್ವ್.ಕಾನ್ಫ್ ಕಾಪಿನ. ಆ ಕಾಪಿ ಹೊಸದಾಗೋದು ಪೋಸ್ಟ್‌ಫಿಕ್ಸ್ ಸ್ಟಾರ್ಟ್ ಆಗೋವಾಗ. ರಿಸಾಲ್ವರ್ ಬದಲಾಯಿಸಿದ್ಮೇಲೆ ಬರೀ ರೀಲೋಡ್ ಸಾಕಾಗಲ್ಲ, ರೀಸ್ಟಾರ್ಟೇ ಮಾಡಿ, ಆಮೇಲೆ ಎರಡೂ ಫೈಲನ್ನ ಕಣ್ಣಾರೆ ಹೋಲಿಸಿ ನೋಡಿ.

ಈಗ ಟೆಸ್ಟು. ಪ್ರತಿ ಪಟ್ಟೀಲೂ 127.0.0.2 ಇರ್ಲೇಬೇಕು, 127.0.0.1 ಇರ್ಲೇಬಾರ್ದು, ಇದು 2010ರ ಆರ್‌ಎಫ್‌ಸಿ 5782ರಲ್ಲಿ ಬರ್ದಿರೋ ನಿಯಮ. ಅಂದ್ಮೇಲೆ ಹೀಗೆ ಹೊಡೀರಿ:

ಡಿಗ್ +ಶಾರ್ಟ್ 2.0.0.127.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್
ಡಿಗ್ +ಶಾರ್ಟ್ 1.0.0.127.ಝೆನ್.ಸ್ಪ್ಯಾಮ್‌ಹೌಸ್.ಆರ್ಗ್

ಮೊದಲನೇದಕ್ಕೆ 127.0.0.2, 127.0.0.4, 127.0.0.10 ಥರ ಸಾಲುಗಳು ಬರ್ಬೇಕು. ಎರಡನೇದಕ್ಕೆ ಏನೂ ಬರಬಾರ್ದು. 127.255 ಅಂತ ಶುರುವಾಗೋದೇನಾದ್ರೂ ಕಂಡ್ರೆ ಅಲ್ಲಿಗೇ ನಿಲ್ಸಿ, ರಿಸಾಲ್ವರ್ ಇನ್ನೂ ಸರಿ ಹೋಗಿಲ್ಲ. ಹೆಸರಲ್ಲಿ ಹೌಸ್ ಅನ್ನೋದು ಜರ್ಮನ್ ಹೌಸ್, ಎಚ್ ಎ ಯು ಎಸ್, ಇಂಗ್ಲಿಷ್ ಮನೆ ಅಲ್ಲ, ಇದನ್ನ ತಪ್ಪು ಟೈಪ್ ಮಾಡಿ ತಲೆ ಕೆರ್ಕೊಂಡೋರನ್ನ ನೋಡಿದೀನಿ. ಎಷ್ಟು ಮಾಡಿದ್ರೂ 254 ಹೋಗ್ತಿಲ್ಲ ಅಂದ್ರೆ ಸ್ಪ್ಯಾಮ್‌ಹೌಸ್‌ನಲ್ಲಿ ರಿಜಿಸ್ಟರ್ ಮಾಡಿ ಡಿಕ್ಯುಎಸ್ ಕೀ (ಕೇಳ್ತಿರೋದು ನೀವೇ ಅಂತ ಗುರುತಿಸೋ ಕೀ) ತಗೊಳಿ, ಸಣ್ಣ ಬಳಕೆಗೆ ಫ್ರೀ. ಆ ಕೀ ಪಟ್ಟಿಯ ಹೆಸರಿನ ಒಳಗೇ ಸೇರ್ಕೊಳತ್ತೆ, ಹಂಗಾಗಿ ರಿಜೆಕ್ಟ್ ಮಾಡಿದ ಮೆಸೇಜಲ್ಲಿ ಮೇಲ್ ಕಳಿಸಿದೋರಿಗೆ ನಿಮ್ಮ ಕೀ ಕಾಣ್ಸತ್ತೆ. ಕಾಣ್ದೇ ಇರ್ಲಿ ಅಂದ್ರೆ ಮುಂದೆ ಹೇಳೋ ಪೋಸ್ಟ್‌ಸ್ಕ್ರೀನ್‌ಗಾದ್ರೆ ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ರಿಪ್ಲೈ_ಮ್ಯಾಪ್, ಹಳೇ ವಿಧಾನದ ಎಸ್‌ಎಂಟಿಪಿಡಿ ಕಡೆಗಾದ್ರೆ ಆರ್‌ಬಿಎಲ್_ರಿಪ್ಲೈ_ಮ್ಯಾಪ್ಸ್, ಇವೆರಡನ್ನ ಮರೀಬೇಡಿ.

ಯಾವ ಪಟ್ಟಿ ಹಾಕೋದು? ಸಿಕ್ಕಿದ್ದೆಲ್ಲ ಹಾಕ್ಬೇಡಿ. ಹದಿನೈದು ಪಟ್ಟಿ ಹಾಕಿದ್ರೆ ಹದಿನೈದು ಜನಕ್ಕೆ ನಿಮ್ಮ ಬಾಗಿಲಿನ ಕೀಲಿಕೈ ಕೊಟ್ಟಂಗೆ, ಯಾರು ಯಾವಾಗ ಬೀಗ ಹಾಕ್ತಾರೆ ಅಂತ ನಿಮಗೆ ಗೊತ್ತಾಗಲ್ಲ. ನಾನು ಒಂಟಿಯಾಗಿ ಬಾಗಿಲು ಮುಚ್ಚೋ ಅಧಿಕಾರ ಕೊಡೋದು ಝೆನ್ ಒಂದಕ್ಕೇ. ಅದು ನಾಲ್ಕೈದು ಪಟ್ಟಿ ಸೇರಿದ್ದು. 127.0.0.2 ಅಂದ್ರೆ ಎಸ್‌ಬಿಎಲ್, ಗೊತ್ತಿರೋ ಸ್ಪ್ಯಾಮ್ ಮೂಲಗಳು. 3 ಅಂದ್ರೆ ಸಿಎಸ್‌ಎಸ್, ಕೆಟ್ಟ ಹೆಸರು ಇರೋ ಕಳಿಸೋರು. 4 ಅಂದ್ರೆ ಎಕ್ಸ್‌ಬಿಎಲ್, ಅಂದ್ರೆ ವೈರಸ್ ಹೊಕ್ಕಿರೋ, ಯಾರೋ ಕೈವಶ ಮಾಡ್ಕೊಂಡಿರೋ ಮಷೀನುಗಳು. 9 ಅಂದ್ರೆ ಡ್ರಾಪ್, ಕಳ್ಳರು ಇಡಿಯಾಗಿ ಹಿಡ್ಕೊಂಡಿರೋ ಐಪಿ ಗುಂಪುಗಳು. 10, 11 ಅಂದ್ರೆ ಪಿಬಿಎಲ್.

ಪಿಬಿಎಲ್ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಜನ ಎಡವೋದು ಇಲ್ಲೇ. ಅದ್ರಲ್ಲಿರೋರು ಸ್ಪ್ಯಾಮರ್‌ಗಳಲ್ಲ. ಮನೆ ಬ್ರಾಡ್‌ಬ್ಯಾಂಡು, ಮೊಬೈಲ್ ಡೇಟಾ ಇಂಥ ಐಪಿಗಳು, ಇವು ನೇರವಾಗಿ ಇನ್ನೊಂದು ಸರ್ವರಿನ 25ನೇ ಪೋರ್ಟಿಗೆ ಬಂದು ಮೇಲ್ ಕೊಡೋ ಕಾರಣ ಇಲ್ಲ ಅನ್ನೋ ಲೆಕ್ಕದ ಮೇಲೆ ಹಾಕಿರೋ ಪಟ್ಟಿ. ಹೊರಗಿಂದ ಬರೋರಿಗೆ ಇದು ತುಂಬಾ ಚೆನ್ನಾಗಿ ಕೆಲ್ಸ ಮಾಡತ್ತೆ. ಆದ್ರೆ ನಿಮ್ಮದೇ ಯೂಸರ್ ಮನೇಲಿ ಕೂತು ಲಾಗಿನ್ ಆಗಿ ಮೇಲ್ ಕಳಿಸೋವಾಗ ಅವರ ಐಪಿನೂ ಇದೇ ಪಟ್ಟೀಲಿರತ್ತೆ! ಬ್ಲಾಕ್‌ಲಿಸ್ಟ್ ಚೆಕ್ ಲಾಗಿನ್ ಚೆಕ್‌ಗಿಂತ ಮುಂಚೆ ಬಂದ್ರೆ ನಿಮ್ಮೋರನ್ನೇ ನೀವು ಹೊರಗಟ್ಟಿದ ಹಾಗೆ. "ಆಫೀಸಿಂದ ಕಳಿಸಿದ್ರೆ ಹೋಗತ್ತೆ, ಫೋನಿಂದ ಹೋಗಲ್ಲ" ಅಂತ ಯಾರಾದ್ರೂ ಕಂಪ್ಲೇಂಟ್ ಮಾಡಿದ್ರೆ ಮೊದ್ಲು ಇದನ್ನೇ ನೋಡಿ.

ಅದಕ್ಕೇ ಆರ್ಡರ್ ಮುಖ್ಯ. ಮೇನ್.ಸಿಎಫ್‌ನಲ್ಲಿ ಹಳೇ ವಿಧಾನ ಹೀಗೆ:

ಎಸ್‌ಎಂಟಿಪಿಡಿ_ರೆಸಿಪಿಯೆಂಟ್_ರೆಸ್ಟ್ರಿಕ್ಷನ್ಸ್ =
  ಪರ್ಮಿಟ್_ಮೈನೆಟ್‌ವರ್ಕ್ಸ್,
  ಪರ್ಮಿಟ್_ಸಾಸ್ಲ್_ಅಥೆಂಟಿಕೇಟೆಡ್,
  ರಿಜೆಕ್ಟ್_ಅನ್‌ಆಥ್_ಡೆಸ್ಟಿನೇಷನ್,
  ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್ ಝೆನ್.ಸ್ಪ್ಯಾಮ್‌ಹೌಸ್.ಆರ್ಗ್=127.0.0.[2..11]

ಮೇಲಿಂದ ಕೆಳಗೆ ಓದತ್ತೆ, ಮೊದ್ಲು ಹೊಂದಿದ್ದಕ್ಕೆ ನಿಲ್ಲತ್ತೆ. ನಿಮ್ಮ ನೆಟ್‌ವರ್ಕು, ಲಾಗಿನ್ ಆದೋರು ಬ್ಲಾಕ್‌ಲಿಸ್ಟ್ ತನಕ ಬರೋದೇ ಇಲ್ಲ. ಕೊನೇಲಿರೋ =127.0.0.[2..11] ಇದ್ಯಲ್ಲ, ನನ್ನ ಆ ಶನಿವಾರದ ಸಾಲಲ್ಲಿ ಇಲ್ದೇ ಇದ್ದಿದ್ದು ಇದೇ. ಇದನ್ನ ಹಾಕಿದ್ರೆ 127.255 ಎರರ್‌ಗಳು ಲೆಕ್ಕಕ್ಕೇ ಬರಲ್ಲ, ರಿಸಾಲ್ವರ್ ಕೈಕೊಟ್ರೂ ಹೆಚ್ಚಂದ್ರೆ ಸ್ಪ್ಯಾಮ್ ಒಳಗೆ ಬರತ್ತೆ, ಒಳ್ಳೇ ಮೇಲ್ ಹೊರಗೆ ಹೋಗಲ್ಲ.

ಹೊಸದಾಗಿ ಮಾಡೋರು ಇಷ್ಟಕ್ಕೇ ನಿಲ್ಲಿಸ್ಬೇಡಿ, ಪೋಸ್ಟ್‌ಸ್ಕ್ರೀನ್‌ಗೆ ಹೋಗಿ. ಎಸ್‌ಎಂಟಿಪಿಡಿಗಿಂತ ಮುಂಚೆ ಬಾಗಿಲಲ್ಲಿ ನಿಂತು ಶೋಧಿಸೋ ಪ್ರೋಗ್ರಾಂ ಇದು, ಪೋಸ್ಟ್‌ಫಿಕ್ಸ್ 2.8ರಿಂದ ಇದೆ. ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್‌ನಲ್ಲಿ ಒಂದು ಪಟ್ಟಿ ಹೂಂ ಅಂದ್ರೆ ಕತೆ ಮುಗೀತು. ಪೋಸ್ಟ್‌ಸ್ಕ್ರೀನ್ ಹಂಗಲ್ಲ, ಎಲ್ಲಾ ಪಟ್ಟಿನೂ ಒಟ್ಟಿಗೆ ಕೇಳಿ ಅಂಕ ಕೂಡಿಸತ್ತೆ, ನೀವು ಹೇಳಿದ ಮಟ್ಟ ಮುಟ್ಟಿದ್ರೆ ಮಾತ್ರ ತಡಿಯತ್ತೆ. ಮಾಸ್ಟರ್.ಸಿಎಫ್ ತೆಗೆದು ಎಸ್‌ಎಂಟಿಪಿ ಐನೆಟ್ ಸಾಲಲ್ಲಿ ಎಸ್‌ಎಂಟಿಪಿಡಿ ಇರೋದನ್ನ ಕಾಮೆಂಟ್ ಮಾಡಿ, ಅದರ ಕೆಳಗಿರೋ ಪೋಸ್ಟ್‌ಸ್ಕ್ರೀನ್, ಎಸ್‌ಎಂಟಿಪಿಡಿ ಪಾಸ್, ಡಿಎನ್‌ಎಸ್‌ಬ್ಲಾಗ್, ಟಿಎಲ್‌ಎಸ್‌ಪ್ರಾಕ್ಸಿ ಈ ನಾಲ್ಕೂ ಸಾಲಿನ ಕಾಮೆಂಟ್ ತೆಗೀರಿ. ಇದು 25ನೇ ಪೋರ್ಟಿಗೆ ಮಾತ್ರ. ನಿಮ್ಮ ಯೂಸರ್‌ಗಳು 587 ಅಥವಾ 465ರಲ್ಲೇ ಬರ್ಬೇಕು, ಯಾರಾದ್ರೂ ಹಳೇ ಪ್ರಿಂಟರ್ರೋ ಸ್ಕ್ಯಾನರ್ರೋ 25ಕ್ಕೆ ಮೇಲ್ ಕೊಡ್ತಿದ್ಯಾ ಅಂತ ಮೊದ್ಲೇ ನೋಡ್ಕೊಳಿ, ಇರತ್ತೆ, ಯಾವಾಗ್ಲೂ ಒಂದಿರತ್ತೆ.

ಮೇನ್.ಸಿಎಫ್‌ನಲ್ಲಿ ನಂದು ಹೀಗಿದೆ:

ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಸೈಟ್ಸ್ =
  ಝೆನ್.ಸ್ಪ್ಯಾಮ್‌ಹೌಸ್.ಆರ್ಗ್=127.0.0.[2..11]*3
  ಬಿ.ಬಾರಾಕುಡಾಸೆಂಟ್ರಲ್.ಆರ್ಗ್=127.0.0.2*2
  ಬಿಎಲ್.ಸ್ಪ್ಯಾಮ್‌ಕಾಪ್.ನೆಟ್=127.0.0.2*1
  ಲಿಸ್ಟ್.ಡಿಎನ್‌ಎಸ್‌ಡಬ್ಲ್ಯುಎಲ್.ಆರ್ಗ್=127.0.[0..255].[1..3]*-2
ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಥ್ರೆಶೋಲ್ಡ್ = 3
ಪೋಸ್ಟ್‌ಸ್ಕ್ರೀನ್_ಡಿಎನ್‌ಎಸ್‌ಬಿಎಲ್_ಆ್ಯಕ್ಷನ್ = ಇಗ್ನೋರ್

ನಕ್ಷತ್ರದ ಮುಂದಿನದು ಅಂಕ. ಝೆನ್ ಒಂದೇ ಸಾಕು 3 ಆಗೋಕೆ. ಬಾರಾಕುಡಾ ಒಂದೇ ಹೇಳಿದ್ರೆ ಆಗಲ್ಲ, ಸ್ಪ್ಯಾಮ್‌ಕಾಪೂ ಜೊತೆಗೆ ಹೇಳ್ಬೇಕು. ಬಾರಾಕುಡಾ ಬಳಸೋ ಮುಂಚೆ ನಿಮ್ಮ ರಿಸಾಲ್ವರ್ ಐಪಿನ ಅವರಲ್ಲಿ ರಿಜಿಸ್ಟರ್ ಮಾಡಿಸ್ಬೇಕು. ಸ್ಪ್ಯಾಮ್‌ಕಾಪ್ ಜನರ ರಿಪೋರ್ಟ್ ಮೇಲೆ ಬೇಗ ಸೇರ್ಸತ್ತೆ, ಹೊಸ ರಿಪೋರ್ಟ್ ಬರ್ದೇ ಇದ್ರೆ 24 ಗಂಟೇಲಿ ತಾನೇ ತೆಗಿಯತ್ತೆ. ಬೇಗ ಹಿಡಿಯೋದೇ ಅದರ ಬಲ, ಆದ್ರೆ ಲಕ್ಷಾಂತರ ಜನ ಒಟ್ಟಿಗೆ ಬಳಸೋ ದೊಡ್ಡ ಮೇಲ್ ಸೇವೆಗಳ ಐಪಿನೂ ಆಗಾಗ ಅದರ ಬಲೆಗೆ ಬೀಳತ್ತೆ, ಅದಕ್ಕೇ ಅದಕ್ಕೆ ಒಂದೇ ಅಂಕ. ಕೊನೇ ಸಾಲು ಬ್ಲಾಕ್‌ಲಿಸ್ಟ್ ಅಲ್ಲ, ಒಳ್ಳೆಯೋರ ಪಟ್ಟಿ, ಅದ್ರಲ್ಲಿದ್ರೆ ಎರಡು ಅಂಕ ಕಳಿಯತ್ತೆ. ಒಂದು ಒಳ್ಳೇ ಸರ್ವರ್ ತಪ್ಪಿ ಝೆನ್ನಲ್ಲಿ ಸಿಕ್ಕಿಬಿದ್ರೂ 3ರಲ್ಲಿ 2 ಹೋಗಿ 1 ಉಳ್ದು ಒಳಗೆ ಬರತ್ತೆ.

ಆ್ಯಕ್ಷನ್ ಇಗ್ನೋರ್ ಅಂತ ಹಾಕಿರೋದು ಬೇಕಂತ್ಲೇ. ಲಾಗ್‌ನಲ್ಲಿ ಬರಿಯತ್ತೆ, ಯಾರನ್ನೂ ತಡಿಯಲ್ಲ. ಒಂದು ವಾರ ಹಿಂಗೇ ಬಿಡಿ. ಮೇಲ್ ಲಾಗ್‌ನಲ್ಲಿ ಡಿಎನ್‌ಎಸ್‌ಬಿಎಲ್ ರ‍್ಯಾಂಕ್ ಅಂತ ಗ್ರೆಪ್ ಮಾಡಿದ್ರೆ "ರ‍್ಯಾಂಕ್ 3", "ರ‍್ಯಾಂಕ್ 6" ಅಂತ ಐಪಿ ಸಮೇತ ಸಿಗತ್ತೆ. ಒಂದೊಂದು ಐಪಿ ಹಿಡ್ದು ಅದರಿಂದ ಬಂದ ಮೇಲ್ ಏನಾಗಿತ್ತು ಅಂತ ನೋಡಿ. 6 ಬಂದವೆಲ್ಲ ನೋಡೋ ಅಗತ್ಯನೇ ಬರಲ್ಲ, ಕಸ. ಅಂಕ ಸರಿಯಾಗಿ 3ಕ್ಕೇ ನಿಂತಿರೋವೇ ನೋಡ್ಬೇಕಾದವು. ಅದ್ರಲ್ಲಿ ನಿಮಗೆ ಬೇಕಾದೋರು ಯಾರಾದ್ರೂ ಕಂಡ್ರೆ ಪೋಸ್ಟ್‌ಸ್ಕ್ರೀನ್_ಆ್ಯಕ್ಸೆಸ್_ಲಿಸ್ಟ್‌ಗೆ ಕೊಟ್ಟಿರೋ ಸಿಐಡಿಆರ್ (ಐಪಿಗಳ ಪಟ್ಟಿ) ಫೈಲಲ್ಲಿ ಅವರ ಐಪಿ ಮುಂದೆ ಪರ್ಮಿಟ್ ಅಂತ ಬರೀರಿ. ತೃಪ್ತಿ ಆದ್ಮೇಲೆ ಇಗ್ನೋರ್ ತೆಗೆದು ಎನ್‌ಫೋರ್ಸ್ ಹಾಕಿ. ಡ್ರಾಪ್ ಅಂತಲೂ ಒಂದಿದೆ, ತಕ್ಷಣ 521 ಕೊಟ್ಟು ಲೈನ್ ಕಟ್ ಮಾಡತ್ತೆ. ನನಗೆ ಎನ್‌ಫೋರ್ಸೇ ಇಷ್ಟ, ಯಾಕಂದ್ರೆ ಅದು ಯಾರಿಂದ ಯಾರಿಗೆ ಅಂತ ಕೇಳಿಸ್ಕೊಂಡು, ಅದನ್ನ ಲಾಗ್ ಮಾಡಿ, ಆಮೇಲೆ 550 ಕೊಡತ್ತೆ, ನಾಳೆ "ನನ್ನ ಮೇಲ್ ಎಲ್ಲಿ" ಅಂತ ಯಾರಾದ್ರೂ ಕೇಳಿದ್ರೆ ಹುಡುಕೋಕೆ ಒಂದು ಸುಳಿವಿರತ್ತೆ. ಹಳೇ ವಿಧಾನದಲ್ಲೇ ಇರೋರಿಗೂ ಇಂಥದ್ದೇ ಒಂದಿದೆ, ರಿಜೆಕ್ಟ್_ಆರ್‌ಬಿಎಲ್_ಕ್ಲೈಂಟ್‌ಗಿಂತ ಮುಂಚೆ ವಾರ್ನ್_ಇಫ್_ರಿಜೆಕ್ಟ್ ಅಂತ ಸೇರ್ಸಿದ್ರೆ ಬರೀ ಲಾಗ್ ಆಗತ್ತೆ.

ಪೋಸ್ಟ್‌ಸ್ಕ್ರೀನ್ ಹಾಕಿದ್ಮೇಲೆ ಹೊಸ ಐಪಿಗಳು ಆರು ಸೆಕೆಂಡು ಕಾಯೋದು ಕಾಣ್ಸತ್ತೆ, ಗಾಬರಿ ಬೇಡ, ಆ ಆರು ಸೆಕೆಂಡಲ್ಲೇ ಪಟ್ಟಿಗಳನ್ನೆಲ್ಲ ಕೇಳೋದು. ಅದೇ ಹೊತ್ತಲ್ಲಿ ನಮಸ್ಕಾರಕ್ಕೂ ಕಾಯ್ದೆ ಮಾತು ಶುರು ಮಾಡೋ ಬಾಟ್‌ಗಳೂ ಸಿಕ್ಕಿಬೀಳ್ತಾವೆ, ಪೋಸ್ಟ್‌ಸ್ಕ್ರೀನ್_ಗ್ರೀಟ್_ಆ್ಯಕ್ಷನ್ನೂ ಎನ್‌ಫೋರ್ಸ್ ಮಾಡ್ಬಿಡಿ. 220 (ನಮ್ಮ ಸರ್ವರ್ ಹೇಳೋ ನಮಸ್ಕಾರ) ಆದ್ಮೇಲಿನ ಡೀಪ್ ಟೆಸ್ಟ್‌ಗಳನ್ನ ಮಾತ್ರ ಮುಟ್ಬೇಡಿ, ಟೆಸ್ಟ್ ಪಾಸಾದ ಒಳ್ಳೇ ಸರ್ವರಿಗೂ ಮೊದಲ ಸಲ 4ರಿಂದ ಶುರುವಾಗೋ ಕೋಡ್ ಕೊಟ್ಟು ಮತ್ತೆ ಬಾ ಅನ್ನತ್ತೆ, ಮೇಲ್ ಲೇಟಾಗತ್ತೆ.

ಡಾಕರ್‌ನಲ್ಲಿ ಮೇಲ್ ಸರ್ವರ್ ಓಡಿಸೋರು ಲಾಗ್‌ನಲ್ಲಿ ಕ್ಲೈಂಟ್ ಐಪಿ ಏನು ಬರ್ತಿದೆ ನೋಡಿ. ಎಲ್ಲಾ ಕನೆಕ್ಷನ್ನೂ 172 ಅಂತ ಶುರುವಾಗೋ ಒಂದೇ ಐಪಿಯಿಂದ ಬಂದಂಗೆ ಕಂಡ್ರೆ ನಿಮ್ಮ ಬ್ಲಾಕ್‌ಲಿಸ್ಟು ಆ ಗೇಟ್‌ವೇ ಐಪಿನ ವಿಚಾರಿಸ್ತಾ ಕೂತಿದೆ ಅಂತ, ಏನೂ ಪ್ರಯೋಜನ ಇಲ್ಲ. ಅದಕ್ಕಿಂತ ಕೆಟ್ಟದ್ದು, ಆ ಐಪಿ ಮೈನೆಟ್‌ವರ್ಕ್ಸ್ ಒಳಗಿದ್ರೆ ನಿಮ್ಮದು ಓಪನ್ ರಿಲೇ (ಯಾರು ಬೇಕಾದ್ರೂ ಯಾರಿಗಾದ್ರೂ ಮೇಲ್ ದಾಟಿಸ್ಬಹುದಾದ ಸರ್ವರ್) ಆಗಿಹೋಗಿರತ್ತೆ, ಇದನ್ನೆಲ್ಲ ಬಿಟ್ಟು ಮೊದ್ಲು ಅದನ್ನ ಸರಿ ಮಾಡಿ. ಮುಂದೆ ಎಚ್‌ಎಪ್ರಾಕ್ಸಿ (ಕನೆಕ್ಷನ್ ತಗೊಂಡು ದಾಟಿಸೋ ಪ್ರೋಗ್ರಾಂ) ಇದ್ರೆ ಪೋಸ್ಟ್‌ಸ್ಕ್ರೀನ್_ಅಪ್‌ಸ್ಟ್ರೀಮ್_ಪ್ರಾಕ್ಸಿ_ಪ್ರೋಟೋಕಾಲ್ = ಎಚ್‌ಎಪ್ರಾಕ್ಸಿ ಅಂತ ಹಾಕಿದ್ರೆ ನಿಜವಾದ ಐಪಿ ಸಿಗತ್ತೆ, ಆದ್ರೆ ಎಚ್‌ಎಪ್ರಾಕ್ಸಿ ಕಡೇಲೂ ಪ್ರಾಕ್ಸಿ ಪ್ರೋಟೋಕಾಲ್ ಆನ್ ಆಗಿರ್ಬೇಕು.

ಡೊಮೇನ್ ಪಟ್ಟಿಗಳು ಬೇರೆ, ಅಲ್ಲಿ ಕೇಳೋದು ಐಪಿ ಅಲ್ಲ, ಡೊಮೇನ್ ಹೆಸರು. ಸ್ಪ್ಯಾಮ್‌ಹೌಸ್‌ನ ಡಿಬಿಎಲ್‌ಗೆ ಐಪಿ ಕೇಳ್ಬೇಡಿ, ಕೇಳಿದ್ರೆ 127.0.1.255 ಅಂತ ಬಯ್ಸ್ಕೊಳ್ತೀರ. ಅದನ್ನ ರಿಜೆಕ್ಟ್_ಆರ್‌ಎಚ್‌ಎಸ್‌ಬಿಎಲ್_ಸೆಂಡರ್ ಮೂಲಕ =127.0.1.[2..99] ಅಂತ ಹಾಕಿ. 99ಕ್ಕೇ ನಿಲ್ಸಿರೋದು ಯಾಕಂದ್ರೆ 102ರಿಂದ ಆಚೆಯವು ಕಳ್ಳರ ಕೈಗೆ ಸಿಕ್ಕಿರೋ ಪ್ರಾಮಾಣಿಕರ ಡೊಮೇನ್‌ಗಳು, ಅವನ್ನ ಬಾಗಿಲಲ್ಲೇ ತಳ್ಳೋದು ಬೇಡ, ಒಳಗಿರೋ ಸ್ಪ್ಯಾಮ್ ಫಿಲ್ಟರ್ (ಸ್ಪ್ಯಾಮ್‌ಅಸಾಸಿನ್ನೋ ಆರ್‌ಸ್ಪ್ಯಾಮ್‌ಡಿಯೋ) ಮೇಲ್ ಒಳಗಿರೋದನ್ನೂ ನೋಡಿ ತೀರ್ಮಾನ ಮಾಡ್ಲಿ. ಹಾಂ, ಸ್ಪ್ಯಾಮ್‌ಅಸಾಸಿನ್ ಹೆಡರಲ್ಲಿ ಯುಆರ್‌ಐಬಿಎಲ್_ಬ್ಲಾಕ್ಡ್ ಅಂತ ಕಾಣಿಸ್ತಿದ್ರೆ ಅದು ಸ್ಪ್ಯಾಮ್ ಅಂತಲ್ಲ, ಮತ್ತದೇ ರಿಸಾಲ್ವರ್ ಕತೆ. ಇನ್ನು ನಿಮ್ಮ ಮೇಲ್ ಮೊದ್ಲು ಇನ್ನೊಂದು ಸರ್ವರಿಗೆ ಬಂದು ಅಲ್ಲಿಂದ ನಿಮಗೆ ಬರ್ತಿದ್ರೆ ಬಾಗಿಲಲ್ಲಿ ಕಾಣೋದು ಆ ಸರ್ವರಿನ ಐಪಿ ಮಾತ್ರ, ಆಗ ಚೆಕ್ ಮಾಡ್ಬೇಕಾದ್ದು ಆ ಮೊದಲ ಸರ್ವರಲ್ಲಿ, ಇಲ್ಲಾಂದ್ರೆ ಸ್ಪ್ಯಾಮ್‌ಅಸಾಸಿನ್‌ನ ಟ್ರಸ್ಟೆಡ್_ನೆಟ್‌ವರ್ಕ್ಸ್‌ನಲ್ಲಿ ಅದನ್ನ ಸೇರ್ಸಿ.

ಪಟ್ಟಿಗಳು ಸಾಯ್ತಾವೆ, ಇದು ಹೆಚ್ಚಿನ ಜನಕ್ಕೆ ತಲೇಲೇ ಇರಲ್ಲ. ಒಆರ್‌ಡಿಬಿ 2006ರ ಕೊನೇಲಿ ನಿಂತೋಯ್ತು, ಜನ ಕಾನ್ಫಿಗ್‌ನಿಂದ ತೆಗೀಲೇ ಇಲ್ಲ, 2008ರ ಮಾರ್ಚಲ್ಲಿ ಅದು ಕೇಳಿದ ಎಲ್ಲಾ ಐಪಿಗೂ ಪಟ್ಟೀಲಿದೆ ಅಂತ ಹೇಳೋಕೆ ಶುರು ಮಾಡ್ತು. ಎಎಚ್‌ಬಿಎಲ್ 2015ರ ಜನವರೀಲಿ ಇದನ್ನೇ ಮಾಡ್ತು. ಎಷ್ಟೋ ಹಳೇ ಗೈಡುಗಳಲ್ಲಿ ಇನ್ನೂ ಇರೋ ಸಾರ್ಬ್ಸ್ 2024ರ ಜೂನಲ್ಲಿ ಬಾಗಿಲು ಹಾಕ್ತು. ಬದುಕಿರೋ ಪಟ್ಟೀನೂ ಕೈಕೊಡತ್ತೆ, 2021ರ ಜನವರಿ ಕೊನೇ ದಿನ ಸ್ಪ್ಯಾಮ್‌ಕಾಪ್‌ನ ಡೊಮೇನ್ ರಿನ್ಯೂ ಆಗ್ದೆ ಪಾರ್ಕಿಂಗ್ ಪೇಜಿಗೆ ಹೋಗಿ, ಯಾವ ಐಪಿ ಕೇಳಿದ್ರೂ ಏನೋ ಒಂದು ಉತ್ತರ ಬರ್ತಿತ್ತು. ಫಿಲ್ಟರ್ ಹಾಕ್ದೆ ಇದ್ದ ಸರ್ವರ್‌ಗಳು ಒಳ್ಳೇ ಮೇಲನ್ನೂ ವಾಪಸ್ ಕಳಿಸಿದ್ವು. =127.0.0.2 ಅಂತ ಹಾಕ್ಕೊಂಡಿದ್ದೋರಿಗೆ ಪಾರ್ಕಿಂಗ್ ಸರ್ವರಿನ ಐಪಿ ಹೊಂದಲ್ವಲ್ಲ, ಅವರಿಗೇನೂ ಆಗ್ಲಿಲ್ಲ.

ಹಾಗಾಗಿ ಒಂದು ಸಣ್ಣ ಸ್ಕ್ರಿಪ್ಟ್ ಬರ್ದು ಕ್ರಾನ್‌ಗೆ ಹಾಕಿ, ಗಂಟೆಗೊಂದ್ಸಲ ಸಾಕು. ಮೇಲೆ ಕೈಯಲ್ಲಿ ಹೊಡೆದ ಅದೇ ಎರಡು ಡಿಗ್, ನೀವು ಬಳಸೋ ಪ್ರತಿ ಬ್ಲಾಕ್‌ಲಿಸ್ಟಿಗೂ. 2ಕ್ಕೆ ಉತ್ತರ ಬರ್ಲಿಲ್ಲ ಅಂದ್ರೆ ಪಟ್ಟಿ ಸತ್ತಿದೆ ಅಥವಾ ನಿಮ್ಮನ್ನ ಬ್ಲಾಕ್ ಮಾಡಿದೆ, 1ಕ್ಕೆ ಉತ್ತರ ಬಂತು ಅಂದ್ರೆ (127.255 ಬಿಟ್ಟು, ಅದು ರಿಸಾಲ್ವರ್ ಕತೆ) ಅದು ಎಲ್ರನ್ನೂ ಸ್ಪ್ಯಾಮರ್ ಅಂತಿದೆ. ಎರಡ್ರಲ್ಲಿ ಯಾವ್ದಾದ್ರೂ ನಿಮಗೆ ಮೆಸೇಜ್ ಬರೋ ಹಾಗೆ ಮಾಡಿ, ಮೆಸೇಜು ಇದೇ ಮೇಲ್ ಸರ್ವರಿಗೆ ಬರೋ ಹಾಗೆ ಮಾತ್ರ ಮಾಡ್ಬೇಡಿ, ನಾನು ಮೊದಲನೇ ಸಲ ಹಂಗೇ ಮಾಡಿದ್ದೆ.

ಕೊನೇದು, ಯಾರಾದ್ರೂ ಬೌನ್ಸ್ ಆಯ್ತು ಅಂತ ಬಂದ್ರೆ ಬೌನ್ಸ್ ಮೆಸೇಜ್ ಪೂರ್ತಿ ಕಳಿಸೋಕೆ ಹೇಳಿ, ಅದ್ರಲ್ಲಿ ಐಪಿನೂ ಪಟ್ಟಿ ಹೆಸರೂ ಇರತ್ತೆ. ಆ ಐಪಿನ ನೀವೇ ಡಿಗ್ ಮಾಡಿ ನೋಡಿ, ಟಿಎಕ್ಸ್‌ಟಿ ರೆಕಾರ್ಡ್ ಕೇಳಿದ್ರೆ ಕಾರಣದ ಪುಟದ ಲಿಂಕೂ ಸಿಗತ್ತೆ. ಎಕ್ಸ್‌ಬಿಎಲ್ ಅಂತ ಬಂದ್ರೆ ಅವರ ಕಡೆ ಯಾವ್ದೋ ಮಷೀನಲ್ಲಿ ವೈರಸ್ ಇದೆ ಅಂತ ಅವರ ಅಡ್ಮಿನ್‌ಗೆ ತಿಳ್ಸಿ, ಪಟ್ಟಿಯಿಂದ ತೆಗೆಸೋ ಅರ್ಜಿ ಅವರೇ ಹಾಕ್ಬೇಕು, ನೀವು ಹಾಕೋಕಾಗಲ್ಲ. ಅಲ್ಲೀತನಕ ಅವರ ಐಪಿನ ಪರ್ಮಿಟ್ ಫೈಲಲ್ಲಿ ಹಾಕೋ ಹಂಗಿದ್ರೆ ಪಕ್ಕದಲ್ಲಿ ತಾರೀಖು ಬರ್ದಿಡಿ. ನನ್ನ ಫೈಲಲ್ಲಿ ಯಾರದ್ದು, ಯಾಕೆ ಹಾಕಿದ್ದು ಅಂತ ನೆನಪೇ ಇಲ್ದಿರೋ ಏಳು ಸಾಲು ಇವತ್ತಿಗೂ ಇದಾವೆ, ತೆಗಿಯೋಕೆ ಧೈರ್ಯ ಬರ್ತಿಲ್ಲ.